ಬಸ್ಸು ತಿರುಗುವ ಜಾಗ

ಜೂನ್ 10, 2024, ಸೋಮವಾರ

ಯುದ್ಧ! ಕೆಲಸ ಬಿಟ್ಟ ಮೇಲೆ ಜಗಲಿಯಲ್ಲಿ ಕೂತು ಆಕಳಿಸುತ್ತಿದ್ದವನಿಗೆ ದೇವರು ಮನೆ ಬಾಗಿಲಿಗೇ ಯುದ್ಧ ಕಳಿಸಿದ್ದಾನೆ. ಸಿಟ್ಟೋ ಸಂತೋಷವೋ ನನಗೇ ಗೊತ್ತಾಗುತ್ತಿಲ್ಲ.

ಬೆಳಗ್ಗೆ ನಗರಸಭೆಯ ಜವಾನ ನೋಟಿಸು ಕೊಟ್ಟು ಹೋದ. ನಮ್ಮ ಹೊಸಗೆರೆಗೆ ಖಾಸಗಿ ಬಸ್ ನಿಲ್ದಾಣ ಕಟ್ಟುತ್ತಾರಂತೆ. ಎಲ್ಲಿ? ಹುಳಿಯಾರು ರಸ್ತೆಗೆ ಮುಖ ಮಾಡಿರುವ ನನ್ನ ತೆಂಗಿನ ತೋಟದಲ್ಲಿ! ಸಾರ್ವಜನಿಕ ಉದ್ದೇಶಕ್ಕೆ ಭೂಸ್ವಾಧೀನ, ತಕರಾರಿದ್ದರೆ ಅರವತ್ತು ದಿನದೊಳಗೆ ತಿಪಟೂರಿನ ಎಸಿ ಸಾಹೇಬರಿಗೆ ಬರೆದುಕೊಡಿ, ವಿಚಾರಣೆಗೆ ಕರೆಯುತ್ತಾರೆ. ಇಷ್ಟೇ ವಿಷಯ. ಜೀವಮಾನವೆಲ್ಲ ಹುಳಿಯಾರು ಬಸ್ಸಿನ ಬಾಗಿಲಲ್ಲಿ ಜೋತಾಡಿದ ಕಂಡಕ್ಟರ್ ಶ್ರೀರಂಗಯ್ಯನ ತೋಟವೇ ಬೇಕಾಯಿತೇ ಇವರಿಗೆ ಬಸ್ಸು ನಿಲ್ಲಿಸಲು?

ನೋಟಿಸು ಬಂದಿರುವುದು ನನ್ನ ಹೆಂಡತಿ ರಾಮಲಕ್ಷ್ಮಮ್ಮನ ಹೆಸರಿಗೆ. ಮಾವನವರು ಒಬ್ಬಳೇ ಮಗಳೆಂದು ತೋಟವನ್ನು ಅವಳ ಹೆಸರಿಗೆ ಬರೆದಿದ್ದರು. ಅದೆಲ್ಲ ಪಹಣಿಯ ಮಾತು. ಹೆಸರು ಯಾರದಾದರೇನು, ಹೋರಾಡುವವನು ನಾನು.

ಅವಳು ತೋಟದ ಮೂಲೆಯ ಕೊಬ್ಬರಿ ಅಟ್ಟದಲ್ಲಿದ್ದಳು. ನಾನು ಏಣಿಯ ಕೆಳಗೆ ನಿಂತು ನೋಟಿಸನ್ನು ಜೋರಾಗಿ ಓದಿದೆ. ಅವಳು ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಇನ್ನೂ ನೀರು ಕುಲುಕಿತು. ಅಟ್ಟಕ್ಕೇರಿಸಿದ ಕಾಯಿ ತನ್ನ ನೀರನ್ನು ತಾನೇ ಕುಡಿದು ಕೊಬ್ಬರಿಯಾಗಲು ವರ್ಷ ಹಿಡಿಯುತ್ತದೆ. ಅವಸರಕ್ಕೆ ಇಳಿಸಿದರೆ ಕೆಟ್ಟಿತು.

“ಅಟ್ಟನೂ ಹೋಯ್ತದಾ ಅದ್ರಲ್ಲಿ?” ಎಂದಳು.

“ಒಂದು ಗರೀನೂ ಹೋಗಲ್ಲ ಬುಡೇ! ನಾನಿಲ್ವಾ?” ಎಂದೆ. ರಾತ್ರಿ ಊಟಕ್ಕೆ ಎರಡು ಮುದ್ದೆ ಸೇರಿತು. ಬಹಳ ದಿನವಾಗಿತ್ತು ಹೀಗೆ ಹಸಿದು.

ಜೂನ್ 13, ಗುರುವಾರ

ಉಪಾಯ ಹೊಳೆಯಿತು! ತೋಟ ನನ್ನದು, ಕೊಡುವುದಿಲ್ಲ ಎಂದು ಅತ್ತರೆ ಯಾರು ಕೇಳುತ್ತಾರೆ? ಸಾರ್ವಜನಿಕ ಉದ್ದೇಶ ಎಂದು ಬಾಯಿ ಮುಚ್ಚಿಸುತ್ತಾರೆ. ಅತ್ತುಕೊಂಡು ಹೋಗುವವನು ನಾನಲ್ಲ. ಬಸ್ಸಿನ ವಿಷಯದಲ್ಲೇ ಇವರನ್ನು ಸೋಲಿಸುತ್ತೇನೆ. ಈ ಜಾಗ ನಿಲ್ದಾಣಕ್ಕೆ ಲಾಯಕ್ಕಲ್ಲ, ಇದಕ್ಕಿಂತ ಒಳ್ಳೆ ಜಾಗ ಕೆರೆ ಕೋಡಿಯ ಪಕ್ಕದ ಸರ್ಕಾರಿ ಬೀಳು ನೆಲದಲ್ಲಿ ಇದೆ ಎಂದು ಸಾಬೀತು ಮಾಡಿಬಿಟ್ಟರೆ ಕೆಲಸ ಮುಗಿಯಿತು.

ಹಿಂದಿನ ತೋಟದ ಕಲ್ಲೇಶನದೂ ಒಂದು ತುಂಡು ಹೋಗುತ್ತದೆ. ಅವನ ಹತ್ತಿರ ಹೇಳಿದೆ. “ನೀ ಬರಿಯಣ್ಣ, ನಾನೂ ರುಜು ಹಾಕ್ತೀನಿ. ಇಬ್ರೂ ಒಟ್ಟಿಗೆ ನಿಂತ್ರೆ ಯಾವನು ಏನು ಮಾಡ್ತಾನೆ?” ಎಂದ. ಒಳ್ಳೆಯ ಹುಡುಗ.

ಜೂನ್ 19, ಬುಧವಾರ

ಸಾಕ್ಷ್ಯಕ್ಕಾಗಿ ದಿನವೂ ಸರ್ಕಲ್ಲಿಗೆ ಹೋಗಿ ನಿಲ್ಲುತ್ತಿದ್ದೇನೆ. ಈಗಿನ ನಿಲ್ದಾಣವೆಂದರೆ ಒಂದು ಬೀಡಾ ಅಂಗಡಿ, ಒಂದು ಬೇವಿನ ಮರ, ಒಂದು ಚರಂಡಿ. ಅಷ್ಟೇ. ಇಷ್ಟು ವರ್ಷ ನಾನು ಬಸ್ಸಿನ ಬಾಗಿಲಿಂದ ಇದನ್ನು ನೋಡಿದ್ದೇನೆ, ಕೆಳಗೆ ನಿಂತು ನೋಡಿರಲಿಲ್ಲ.

ಇವತ್ತು ಮಳೆ ಬಂತು. ಬೀಡಾ ಅಂಗಡಿಯ ಸೂರಿನ ಕೆಳಗೆ ನಾಲ್ಕು ಜನ ನಿಂತರೆ ಐದನೆಯವರ ಬೆನ್ನು ನೆನೆಯುತ್ತದೆ. ಹುಳಿಯಾರು ಕಡೆಯ ಹಟ್ಟಿಯ ಮುದ್ದಕ್ಕ ಆಸ್ಪತ್ರೆಗೆ ಬಂದಿದ್ದವಳು ಎರಡು ಬಸ್ಸು ಬಿಟ್ಟಳು. ಯಾಕೆ ಹತ್ತಲಿಲ್ಲ ಎಂದು ಕೇಳಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಕಾಲ್ಮಡಿಯಾಕೆ ಜಾಗ ಹುಡುಕ್ತಿದ್ದೆ ಕಣಪ್ಪ, ಎಲ್ಲೂ ಸಿಗ್ಲಿಲ್ಲ,” ಎಂದಳು. ನನಗೆ ಮೈಯೆಲ್ಲ ಉರಿಯಿತು. ಎಂಥ ಊರು ಇದು! ಹೆಂಗಸರ ಶೌಚಾಲಯ ನಿಲ್ದಾಣದ ಹಿಂದೆ ಕತ್ತಲಲ್ಲಿರಬಾರದು, ಮುಂದೆಯೇ ಇರಬೇಕು, ನೀರಿನ ಟ್ಯಾಂಕು ಅದರ ಮೇಲೇ ಇರಬೇಕು.

ಇದನ್ನೆಲ್ಲ ಬರೆದಿಟ್ಟಿದ್ದೇನೆ. ಕೇಸಿಗೆ ಬೇಕಾಗುತ್ತದೆ.

ಜುಲೈ 12, ಶುಕ್ರವಾರ

ಕೆಟ್ಟಿತು! ಎಲ್ಲಾ ಕೆಟ್ಟಿತು! ನನ್ನ ಹೆಂಡತಿಯೇ ನನ್ನ ಕಾಲಿಗೆ ಕೊಡಲಿ ಹಾಕಿದಳು.

ನಗರಸಭೆಯ ಇಂಜಿನಿಯರು ಸ್ಥಳ ನೋಡಲು ಬಂದಿದ್ದರು. ಧನ್ಯಶ್ರೀ ಅಂತ, ಎಳೆ ವಯಸ್ಸು, ಬಿಸಿಲಿಗೆ ಮುಖ ಕೆಂಪಾಗಿತ್ತು. ಆಷಾಢದಲ್ಲಿ ಯಾರಾದರೂ ಜಾಗ ನೋಡುತ್ತಾರೇನಮ್ಮಾ ಎಂದು ಕೆಣಕಿದೆ. “ನಮ್ ಆಫೀಸಲ್ಲಿ ಆಷಾಢ ಇಲ್ಲ ಸರ್, ಮಾರ್ಚ್ ಒಂದೇ ಇರೋದು,” ಎಂದರು. ಮಾತು ಬಲ್ಲ ಹುಡುಗಿ. ನಾನು ಒಂದೊಂದೇ ದೋಷ ತೋರಿಸುತ್ತಾ ಹೋದೆ, ಅವರು ಒಂದೊಂದಕ್ಕೇ ಉತ್ತರ ಕೊಡುತ್ತಾ ಬಂದರು. ಮಜವಾಗಿತ್ತು.

ಹೊರಡುವ ಹೊತ್ತಿಗೆ ರಾಮಲಕ್ಷ್ಮಮ್ಮ ಅವರನ್ನು ಒಳಗೆ ಕರೆದಳು. ಹಣೆಗೆ ಕುಂಕುಮ, ಮುಡಿಗೆ ಹೂವು, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಮೇಲೊಂದು ನಮ್ಮ ತೋಟದ್ದೇ ಕಾಯಿ! ಫಲ ತಾಂಬೂಲ! ಇಂಜಿನಿಯರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆಗೆ ಇಳಿದರು. ಎದುರಿನ ಟೀ ಅಂಗಡಿಯಲ್ಲಿದ್ದ ಅಷ್ಟೂ ಕಣ್ಣುಗಳು ನೋಡಿದವು.

“ನಿಂಗೇನಾದ್ರೂ ಬುದ್ಧಿ ಐತೇನೇ? ಎದುರು ಪಾರ್ಟಿಗೆ ತಾಂಬೂಲ ಕೊಡ್ತಾರಾ?”

“ಆಷಾಢ ಶುಕ್ರವಾರ ಮನೆಗೆ ಬಂದ ಹೆಣ್ಮಗಳನ್ನ ಬರಿಗೈಲಿ ಕಳ್ಸಾಕಾಯ್ತದಾ? ಪಾರ್ಟಿ ಗೀರ್ಟಿ ನಿಮ್ಮದು. ಹೊಸ್ತಿಲು ನಂದು.”

ಹೀಗೆ ಮಾತಾಡುವವಳಲ್ಲ ಅವಳು. ಆಷಾಢದ ಗಾಳಿ ತಲೆಗೇರಿರಬೇಕು.

ಜುಲೈ 14, ಭಾನುವಾರ

ಊರೆಲ್ಲ ಒಂದೇ ಮಾತು: ಶ್ರೀರಂಗಯ್ಯ ತಾಂಬೂಲ ಕೊಟ್ಟ, ತೋಟ ಹೋಯ್ತು. ಹೆಣ್ಣು ಕೊಡುವುದಿರಲಿ, ಹೊಲ ಕೊಡುವುದಿರಲಿ, ನಮ್ಮ ಕಡೆ ಎಲೆ ಅಡಿಕೆ ಕೈ ಬದಲಾದರೆ ಮಾತು ಮುಗಿದಂತೆ. ಕಲ್ಲೇಶ ಬಂದು ಬಾಗಿಲಲ್ಲೇ ನಿಂತ. “ನೀವೇ ತಾಂಬೂಲ ಕೊಟ್ಮೇಲೆ ನಾನ್ಯಾಕೆ ಮಧ್ಯ ಸಾಯ್ಲಣ್ಣ? ನನ್ ತುಂಡಿಗೆ ಬಂದಷ್ಟು ಬರ್ಲಿ ಬುಡು,” ಎಂದು ಹೊರಟೇ ಹೋದ. ಅದು ಅರಿಶಿನ ಕುಂಕುಮದ ತಾಂಬೂಲ ಕಣ್ಲಾ, ಜಮೀನಿನದ್ದಲ್ಲ ಎಂದು ಬೀದಿಯ ತನಕ ಕೂಗಿಕೊಂಡು ಹೋದೆ. ಕೇಳಲಿಲ್ಲ.

ಇರಲಿ. ಒಬ್ಬನೇ ನಿಂತು ಬಸ್ಸು ತುಂಬ ಜನರನ್ನು ಸಂಭಾಳಿಸಿದವನು ನಾನು. ನನ್ನ ಹಳೆಯ ಡ್ರೈವರು ಎತ್ತಪ್ಪನಿಗೆ ಫೋನು ಮಾಡಿದ್ದೇನೆ. ಕೆರೆ ಕೋಡಿಯ ಜಾಗವನ್ನು ಬಾಯಲ್ಲಲ್ಲ, ಬಸ್ಸು ತಂದೇ ತೋರಿಸುತ್ತೇನೆ!

ಜುಲೈ 21, ಭಾನುವಾರ

ಎಂಥ ದಿನ! ಎಲ್ಲಿಂದ ಶುರು ಮಾಡಲಿ?

ಹುಳಿಯಾರು ಬಸ್ಸು ಈಗಲೂ ಎತ್ತಪ್ಪನ ಕೈಯಲ್ಲೇ ಇದೆ. ಮಧ್ಯಾಹ್ನ ಎರಡು ಟ್ರಿಪ್ಪುಗಳ ಮಧ್ಯೆ ಬಿಡುವಿರುವಾಗ ಖಾಲಿ ಬಸ್ಸು ತಂದು ಕೋಡಿಯ ಪಕ್ಕದ ಬೀಳಿನಲ್ಲಿ ತಿರುಗಿಸಿ ತೋರಿಸುವುದು ಎಂದು ಮಾತಾಗಿತ್ತು. ನಾನು ಬೆಳಗ್ಗೆಯೇ ಹೋಗಿ ತೆಂಗಿನ ಮಟ್ಟೆಗಳನ್ನು ಸಾಲಾಗಿ ಇಟ್ಟು ದಾರಿ ಗುರುತು ಮಾಡಿದ್ದೆ. ಇಂಜಿನಿಯರಮ್ಮನಿಗೂ ಬನ್ನಿ ನೋಡಿ ಎಂದು ಸವಾಲು ಹಾಕಿದ್ದೆ. ಭಾನುವಾರವಾದರೂ ಬಂದರು.

ಖಾಲಿ ಬಸ್ಸೆಲ್ಲಿ? ವಿಷಯ ಗೊತ್ತಾಗಿ ಅರ್ಧ ಊರೇ ಹತ್ತಿ ಕೂತಿತ್ತು. ನಾನು ಬಾಗಿಲಲ್ಲಿ ನಿಂತು, ಎಷ್ಟೋ ವರ್ಷದ ಮೇಲೆ, ಎದೆ ತುಂಬ ಉಸಿರೆಳೆದು “ರೈಟ್!” ಎಂದೆ. ರೋಮಾಂಚನವಾಯಿತು! ಬಸ್ಸು ಇಳಿಯಿತು, ಮೊದಲ ಮಟ್ಟೆ ದಾಟಿತು, ಎರಡನೆಯದು ದಾಟಿತು, ಆಮೇಲೆ ಹಿಂದಿನ ಚಕ್ರ ಮೆಲ್ಲಗೆ ಕೆಸರಿಗೆ ಕೂತಿತು. ಕೋಡಿ ಪಕ್ಕ ತಳದಲ್ಲಿ ಎಂದೂ ತೇವ ಆರುವುದಿಲ್ಲ ಎಂಬುದು ಇಷ್ಟು ವರ್ಷ ಕೆರೆಯ ನೀರು ಕುಡಿದ ನನಗೆ ಹೊಳೆದಿರಲಿಲ್ಲ. “ಇಲ್ಲಿ ಮಣ್ಣು ಹಿಡಿಯಲ್ಲ ಸರ್, ಪರೀಕ್ಷೆ ಮಾಡ್ಸಿದ್ವಿ,” ಎಂದು ಇಂಜಿನಿಯರಮ್ಮ ಮೆಲ್ಲಗೆ ಹೇಳಿದರು. ಹೇಳುತ್ತಲೇ ಚಪ್ಪಲಿ ಬಿಚ್ಚಿಟ್ಟು ಬಸ್ಸು ತಳ್ಳಲು ಬಂದರು. ಅಷ್ಟೂ ಜನ ತಳ್ಳಿದೆವು. ಕಲ್ಲೇಶನೂ ತಳ್ಳಿದ. ಐಸಾ ಎಂದರೆ ಐಸಾ! ನನ್ನ ಪಂಚೆಯ ಬಣ್ಣ ಯಾವುದೆಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಬಸ್ಸು ಮೇಲೆ ಬಂತು, ಆದರೆ ಮುಖ ತಿಪಟೂರಿನ ಕಡೆಗೆ. ವಾಪಸ್ಸು ತಿರುಗಿಸಲು ಜಾಗ ಬೇಕು. ಎತ್ತಪ್ಪ ರಸ್ತೆಯುದ್ದಕ್ಕೂ ಬಂದು ನಮ್ಮ ತೋಟಕ್ಕೇ ಸೇರಿದ ಮುಂದಿನ ಬಯಲಿಗೆ ಚಕ್ರ ಇಳಿಸಿ, ಒಂದೇ ಒಂದು ಹೊರಳು, ರಿವರ್ಸ್ ಇಲ್ಲ ಗಿವರ್ಸ್ ಇಲ್ಲ, ಹುಳಿಯಾರಿಗೆ ಮುಖ ಮಾಡಿ ನಿಲ್ಲಿಸಿಬಿಟ್ಟ! ಕಿಟಕಿಯಿಂದ ತಲೆ ಹೊರಗೆ ಹಾಕಿ, “ಲೇ ರಂಗ, ಜಾಗ ಅಂದ್ರೆ ಇದು ಕಣ್ಲಾ! ಎಲ್ಲಿಟ್ಕಂಡಿದ್ದೆ ಇದನ್ನ?” ಎಂದು ಕೂಗಿದ. ನಾನು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದೆ.

ಆಮೇಲೆ ನೆನಪಾಯಿತು, ನಾನು ತಕರಾರಿನ ಕಡೆಯವನು ಎಂದು.

ಜುಲೈ 22

ಬರೆಯಲು ಏನೂ ಇಲ್ಲ. ಎತ್ತಪ್ಪನ ಮೇಲೆ ಸಿಟ್ಟು ಬಂದಿದೆ. ಎಷ್ಟು ಚೆನ್ನಾಗಿ ತಿರುಗಿಸಿದ, ದರಿದ್ರದವನು.

ಜುಲೈ 30, ಮಂಗಳವಾರ

ಸಿಕ್ಕಿತು! ಹೊಸ ಅಸ್ತ್ರ ಸಿಕ್ಕಿತು!

ನಗರಸಭೆಗೆ ಹೋಗಿ ನಕ್ಷೆ ತೋರಿಸಿ ಎಂದು ಕೂತೆ. ಇಂಜಿನಿಯರಮ್ಮ ಮೇಜಿನ ತುಂಬ ಹರವಿದರು. ಬಸ್ಸಿನ ಜಾಗ ರಸ್ತೆ ಕಡೆಗೆ, ಸರಿ. ಹಿಂದೆ ಇದೇನು, ಚೌಕ ಚೌಕ, ಇರುವೆ ಸಾಲಿನ ಹಾಗೆ? ವಾಣಿಜ್ಯ ಮಳಿಗೆಗಳು! ಅರ್ಧ ತೋಟಕ್ಕೂ ಹೆಚ್ಚು ಅಂಗಡಿಗೇ! “ಬಸ್ಸು ಸಾರ್ವಜನಿಕ ಉದ್ದೇಶ, ಒಪ್ಪಿದೆ. ಮೊಬೈಲ್ ಅಂಗಡಿ ಯಾವ ಉದ್ದೇಶ ತಾಯಿ?” ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, “ಅದು ಮೇಲಿನವರು ಸೇರಿಸಿದ್ದು. ನಂಗೂ ಇಷ್ಟ ಇಲ್ಲ ಸರ್. ಇದನ್ನ ನೀವು ಬರೆದುಕೊಡಿ,” ಎಂದರು.

ಅಲ್ಲೇ ಕೂತು ಬೇರೆ ತಪ್ಪುಗಳನ್ನೂ ತೋರಿಸಿದೆ. ತುರುವೇಕೆರೆ ಬಸ್ಸು ಹುಳಿಯಾರು ಬಸ್ಸಿಗೆ ಅಡ್ಡ ಬರುತ್ತದೆ, ಅದನ್ನು ಆಚೆ ಕಡೆ ಹಾಕಿ. ಶೌಚಾಲಯ ಮುಂದಕ್ಕೆ ತನ್ನಿ. ಕುಳಿತುಕೊಳ್ಳುವ ಕಟ್ಟೆ ಎತ್ತರ ಬೇಡ, ಮುದುಕಿಯರ ಕಾಲು ನೆಲಕ್ಕೆ ಎಟುಕಬೇಕು. ಅವರು ಪೆನ್ಸಿಲ್ಲಿನಲ್ಲಿ ತಿದ್ದುತ್ತಾ ಹೋದರು. ಆಮೇಲೆ ತಲೆಯೆತ್ತಿ, “ಸರ್, ನೀವು ತಕರಾರಿನವರಾ, ನಮ್ಮವರಾ?” ಎಂದು ನಕ್ಕರು.

ಒಂದು ವಿಷಯ. ಮಳಿಗೆಗಳ ಸಾಲು ಸರಿಯಾಗಿ ಕೊಬ್ಬರಿ ಅಟ್ಟದ ಮೇಲೆ ಬಂದಿದೆ. ರಾಮಲಕ್ಷ್ಮಮ್ಮ ಸಂಜೆ ಮತ್ತೆ ಅದನ್ನೇ ಕೇಳಿದಳು. ಹೇಳಲಿಲ್ಲ. ಸುಮ್ಮನೆ ನೊಂದುಕೊಳ್ಳುತ್ತಾಳೆ. ಗೆದ್ದ ಮೇಲೆ ಹೇಳಿದರಾಯಿತು.

ಆಗಸ್ಟ್ 7, ಬುಧವಾರ

ತಕರಾರು ಅರ್ಜಿ ಸಿದ್ಧ. ನಾನೇ ಬರೆದದ್ದು, ಲಾಯರು ಯಾತಕ್ಕೆ? ರುಜು ಅವಳದೇ ಬೇಕು. ಪೆನ್ನು ಕೊಟ್ಟೆ. “ಓದಿ ಹೇಳಿ ಮೊದ್ಲು,” ಎಂದಳು. ಇಡೀ ಅರ್ಜಿಯನ್ನು ಎದ್ದು ನಿಂತು ಓದಿದೆ. ಕೆಲವು ಸಾಲುಗಳನ್ನು ಎರಡೆರಡು ಸಲ ಓದಿದೆ. ಮುದ್ದಕ್ಕನ ಭಾಗ ಚೆನ್ನಾಗಿ ಬಂದಿದೆ.

ಅವಳು ಕೊನೆಯ ತನಕ ಕೇಳಿ, “ಬಸ್ಸೈತೆ, ಕಟ್ಟೆ ಐತೆ, ಮುದ್ದಕ್ಕ ಅವ್ಳೆ. ಅಟ್ಟ ಎಲ್ಲೈತೆ ಇದ್ರಲ್ಲಿ?” ಎಂದಳು.

ನೋಡಿದೆ. ಇರಲಿಲ್ಲ. ಅಷ್ಟೂ ಹಾಳೆಗಳಲ್ಲಿ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಜಾಗ ಮಾಡಿ, ಸದರಿ ಜಮೀನಿನಲ್ಲಿ ಕೊಬ್ಬರಿ ಅಟ್ಟವೂ ಇರುತ್ತದೆ ಎಂದು ಸೇರಿಸಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ನೋಡಿ ರುಜು ಹಾಕಿದಳು. ಪೆನ್ನು ವಾಪಸ್ಸು ಕೊಟ್ಟು ಅಟ್ಟದ ಕಡೆಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 28, ಬುಧವಾರ

ಗೆದ್ದೆ. ಸೋತೆ. ಏನಾಯಿತೆಂದು ಇನ್ನೂ ಅರ್ಥವಾಗುತ್ತಿಲ್ಲ, ಬರೆಯುತ್ತಾ ಹೋಗುತ್ತೇನೆ.

ತಿಪಟೂರಿನಲ್ಲಿ ವಿಚಾರಣೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ರಾಮಲಕ್ಷ್ಮಮ್ಮ ಖಾತೆದಾರಳಾದ್ದರಿಂದ ಬರಲೇಬೇಕಿತ್ತು, ಮೂಲೆಯ ಕುರ್ಚಿಯಲ್ಲಿ ಕೂತಳು. ಎಸಿ ಸಾಹೇಬರು ತಾಳ್ಮೆಯ ಮನುಷ್ಯ. ನಾನು ಮಳಿಗೆಗಳ ವಿಷಯ ಎತ್ತಿದೆ. ನಿಲ್ದಾಣದ ಹೆಸರಿನಲ್ಲಿ ಅಂಗಡಿ ಬೀದಿ ಕಟ್ಟಲು ಒಬ್ಬರ ತೋಟ ಕಿತ್ತುಕೊಳ್ಳಬಹುದೇ ಎಂದು ಮೇಜು ಕುಟ್ಟಿದೆ. ಸಾಹೇಬರು ನಕ್ಷೆಯನ್ನು ಬಹಳ ಹೊತ್ತು ನೋಡಿ, ನಗರಸಭೆಯವರನ್ನು ಎರಡು ಪ್ರಶ್ನೆ ಕೇಳಿ, ಕನ್ನಡಕ ತೆಗೆದರು. “ಇವರು ಹೇಳೋದ್ರಲ್ಲಿ ನ್ಯಾಯ ಇದೆ. ಹೀಗಿದ್ದರೆ ಈ ಪ್ರಸ್ತಾವ ಕೈಬಿಡಿ ಅಂತ ಬರೀತೀನಿ. ಬೇರೆ ಜಾಗ ಮುಂದೆ ಯಾವಾಗಲಾದ್ರೂ ನೋಡ್ಕೊಳ್ಳಲಿ.”

ಗೆದ್ದೆ! ಕೈಬಿಡಿ ಎಂದರು! ನಾನು ಕೈ ಮುಗಿದು ಕೂತುಬಿಡಬೇಕಾಗಿತ್ತು. ಬಾಯಿ ಕೇಳಲಿಲ್ಲ.

“ಯಾವಾಗಲಾದ್ರೂ ಅಂದ್ರೆ ಹೆಂಗೆ ಸ್ವಾಮಿ? ಅಲ್ಲೀಗಂಟ ಬಸ್ಸೆಲ್ಲಿ ನಿಲ್ಬೇಕು?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಿಲ್ಲಿಸಲಿಲ್ಲ. ಮಳೆಯಲ್ಲಿ ನೆನೆಯುವ ಬೆನ್ನು, ಮುದ್ದಕ್ಕ ಬಿಟ್ಟ ಎರಡು ಬಸ್ಸು, ಕೋಡಿಯ ಕೆಸರು, ಎತ್ತಪ್ಪ ಒಂದೇ ಹೊರಳಿಗೆ ತಿರುಗಿಸಿದ್ದು, ಎಲ್ಲವನ್ನೂ ಹೇಳಿದೆ. ಊರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲವೇ ಇಲ್ಲ ಎಂದೆ! ಇಂಜಿನಿಯರಮ್ಮ ತಲೆ ತಗ್ಗಿಸಿ ನಗು ತಡೆಯುತ್ತಿದ್ದರು.

“ಹಾಗಾದ್ರೆ ಜಾಗ ಕೊಡ್ತೀರೇನ್ರೀ?” ಎಂದರು ಸಾಹೇಬರು.

ಕೊಡ್ತೀನಿ ಎನ್ನಲು ನನ್ನ ಬಾಯಿ ತೆರೆದಿತ್ತು. ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು.

“ಇವ್ರು ಕಂಡಕ್ಟರು ಸ್ವಾಮಿ,” ಎಂದಳು ರಾಮಲಕ್ಷ್ಮಮ್ಮ. “ನಿಂತಿರೋರಿಗೆಲ್ಲ ಸೀಟು ಕೊಡ್ಸೋದು ಇವರ ಅಭ್ಯಾಸ. ಆದ್ರೆ ಈ ಸೀಟು ನಂದು.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

“ಅಂದ್ರೆ ಕೊಡಲ್ವೇನಮ್ಮ?”

“ಕೊಡಲ್ಲ ಅಂದಿಲ್ಲ. ನನ್ನ ಯಾರೂ ಕೇಳಿಲ್ಲ ಅಂದೆ. ನೀವೂ ಕೇಳಿಲ್ಲ, ಇವರೂ ಕೇಳಿಲ್ಲ. ಇವರು ಬಸ್ಸಲ್ಲಿದ್ದಷ್ಟು ವರ್ಷ ಆ ತೋಟದಲ್ಲಿ ನಾನಿದ್ದೆ. ಅಟ್ಟ ಹೋಯ್ತದಾ ಅಂತ ಮೂರು ತಿಂಗಳಿಂದ ಕೇಳ್ತಾ ಇವ್ನಿ. ಇವತ್ತು ನಿಮ್ ನಕ್ಷೆ ನೋಡಿ ಗೊತ್ತಾಯ್ತು, ಹೋಯ್ತದೆ ಅಂತ.” ಅವಳು ಮೇಜಿನ ಹತ್ತಿರ ಬಂದು ನಕ್ಷೆಯಲ್ಲಿ ಅಟ್ಟದ ಜಾಗದ ಮೇಲೆ ಬೆರಳಿಟ್ಟಳು. “ತೋಟಕ್ಕೆ ಬನ್ನಿ. ಎಲ್ಲೀಗಂಟ ಬಸ್ಸು, ಎಲ್ಲಿಂದ ನಾನು ಅಂತ ನಡ್ಕೊಂಡು ತೋರುಸ್ತೀನಿ. ಅದಕ್ಕೆ ಒಪ್ಪಿದ್ರೆ ಸರಿ. ಇಲ್ದಿದ್ರೆ ನನ್ ತಕರಾರು ಹಂಗೇ ಇರ್ಲಿ.”

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡು ಬರೆದರು: ಮಳಿಗೆಗಳನ್ನು ಕೈಬಿಟ್ಟು, ಖಾತೆದಾರರ ಸಮಕ್ಷಮದಲ್ಲಿ ಹೊಸದಾಗಿ ಜಂಟಿ ಅಳತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಕೊಟ್ಟೆ. ನಕ್ಷೆ ನೋಡಿದ ದಿನವೇ ಹೇಳಬೇಕಿತ್ತು ಎಂದೆ. “ಹೂಂ, ಹೇಳ್ಬೇಕಿತ್ತು,” ಎಂದಳು. ನಾಚಿಕೆಯಾಯಿತು. ಆದರೆ ಇದನ್ನೂ ಬರೆಯಬೇಕು: ಅವಳು ಎದ್ದು ನಿಂತು ಮಾತಾಡಿದಾಗ ನನ್ನ ಎದೆ ಹೊಡೆದುಕೊಂಡ ರೀತಿಗೆ ಎತ್ತಪ್ಪನ ಹೊರಳೂ ಏನೂ ಅಲ್ಲ.

ಸೆಪ್ಟೆಂಬರ್ 26, ಗುರುವಾರ

ಜಂಟಿ ಅಳತೆ ಮುಗಿಯಿತು! ಬೆಳಗ್ಗೆಯಿಂದ ನೀರು ಕುಡಿಯಲೂ ಪುರುಸೊತ್ತಿಲ್ಲ.

ಮುಂದೆ ರಾಮಲಕ್ಷ್ಮಮ್ಮ, ಅವಳ ಪಕ್ಕ ಇಂಜಿನಿಯರಮ್ಮ, ಹಿಂದೆ ಸರ್ವೆಯವರು, ಅವರ ಹಿಂದೆ ಟೇಪಿನ ತುದಿ ಹಿಡಿದುಕೊಂಡು ನಾನು. ಅವಳು ಮರಗಳ ಮಧ್ಯೆ ನಡೆಯುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಂದೊಂದು ಮರದ ಸ್ವಭಾವವೂ ಗೊತ್ತು ಅವಳಿಗೆ. ಇದರದು ಹುಸಿ ಹೊಂಬಾಳೆ, ಕಾಯಿ ಕಚ್ಚುವುದಿಲ್ಲ, ಇದು ವರ್ಷ ಬಿಟ್ಟು ವರ್ಷ ಕಾಯಿ ಬಿಡುತ್ತದೆ, ಇದಕ್ಕೆ ಸಿಡಿಲು ಹೊಡೆದರೂ ಬದುಕಿತು. ರಸ್ತೆ ಕಡೆಯ ಸಾಲುಗಳ ಹತ್ತಿರ ನಿಂತು, “ಇವು ಅಪ್ಪ ನೆಟ್ಟಿದ್ದು. ವಯಸ್ಸಾಗೈತೆ. ಇವನ್ನ ಬಸ್ಸಿಗೆ ಕೊಡ್ತೀನಿ,” ಎಂದಳು. ಒಂದು ಮರದ ಮೈ ಮೇಲೆ ಅಂಗೈ ಇಟ್ಟು, ತೆಗೆದಳು. “ಗೊನೆ ಇಳ್ಸಿದ ಮೇಲೇ ಕಡೀಬೇಕು. ಇದು ನಾನು ನೆಟ್ಟ ಸಾಲು, ಇಲ್ಲಿಂದ ಒಳಕ್ಕೆ ಯಾರೂ ಬರಂಗಿಲ್ಲ. ಅಟ್ಟದ ದಾರಿ ಎತ್ತಿನ ಗಾಡಿ ಹೋಗೋಷ್ಟು ಇರ್ಬೇಕು.”

“ಆಗ್ಲಿ ಅಮ್ಮ. ಬಸ್ಸಿಗೆ ಇಷ್ಟು ಸಾಕು,” ಎಂದರು ಇಂಜಿನಿಯರಮ್ಮ. ಅಳೆದು ನೋಡಿದರು, ಸಾಕೇ ಆಯಿತು. ಸರ್ವೆಯವನು ಅಭ್ಯಾಸಬಲದಿಂದ ನನ್ನ ಮುಖ ನೋಡಿ, “ಗೆರೆ ಹಾಕ್ಲಾ ಯಜಮಾನ್ರೇ?” ಎಂದ. ಅವರನ್ನು ಕೇಳಪ್ಪ ಎಂದೆ. ಕೇಳಿದ. ರಾಮಲಕ್ಷ್ಮಮ್ಮ ಹೂಂ ಎಂದು ತಲೆಯಾಡಿಸಿದಳು. ಸುಣ್ಣ ಬಿತ್ತು.

ಎಲ್ಲರೂ ಮಜ್ಜಿಗೆ ಕುಡಿದು ಹೊರಟರು. ನಾನು ಹುಳಿಯಾರು ಬಸ್ಸಿನ ಬಾಗಿಲು ಎಲ್ಲಿಗೆ ಬರುತ್ತದೆ ಎಂದು ಹೆಜ್ಜೆ ಹಾಕಿ ನೋಡುತ್ತಿದ್ದೆ. ಇಲ್ಲಿ ಇಳಿದರೆ ಮುದುಕಿಯರಿಗೆ ಕಟ್ಟೆ ಎರಡೇ ಹೆಜ್ಜೆ. ಇನ್ನು ಸ್ವಲ್ಪ ಹಿಂದಕ್ಕೆ ನಿಲ್ಲಿಸಿದರೆ ನೆರಳೂ ಸಿಗುತ್ತದೆ. ಬಾಯಲ್ಲಿ “ಹೋಲ್ಡಾನ್, ಹೋಲ್ಡಾನ್” ಎಂದು ಹೇಳಿಕೊಳ್ಳುತ್ತಿದ್ದೆನೋ ಏನೋ, ಅವಳು ಅಟ್ಟದ ಏಣಿಯ ಮೇಲಿಂದ ನಗುತ್ತಾ ಕೂಗಿದಳು.

“ರೀ, ಈಚೆ ಬನ್ರೀ! ನೀವು ನಿಂತಿರೋದು ಸರ್ಕಾರದ್ ಜಾಗ!”

ಕೆಳಗೆ ನೋಡಿದೆ. ಹೌದು, ಗೆರೆಯ ಆಚೆ ನಿಂತಿದ್ದೆ. ಹಸಿ ಸುಣ್ಣ ಅಳಿಸದಂತೆ ಪಂಚೆ ಎತ್ತಿ ಹಿಡಿದು, ದಾಟಿ, ಅವಳ ತೋಟದೊಳಕ್ಕೆ ಬಂದೆ.